ಬಚ್ಚಲುಮನೆ ಕನ್ನಡಿಯೊಳಗೆ ಟೀವಿ: ಮೊದಲು ಅರ್ಥ್ ನೋಡ್ರಿ ಸಾವ್ಕಾರ್ರೇ!

ದಾವಣಗೆರೆ: ಹಲ್ಲುಜ್ಜುತ್ತಾ ವಾರ್ತೆ ನೋಡಬೇಕೆಂಬ ಆಸೆ ಯಾರಿಗೆ ಯಾವಾಗ ಹುಟ್ಟುತ್ತದೋ ಹೇಳಲಾಗದು. ಮಂಡಿಪೇಟೆ ಕಡೆಯ ಮೆಕ್ಕೆಜೋಳದ ವರ್ತಕರೊಬ್ಬರಿಗೆ ಅದು ಹುಟ್ಟಿದ್ದು ಬೆಂಗಳೂರಿನ ದೊಡ್ಡ ಹೋಟೆಲೊಂದರಲ್ಲಿ. ನೆಂಟರ ಮದುವೆಗೆ ಹೋದವರು ಎರಡು ರಾತ್ರಿ ಅಲ್ಲಿ ತಂಗಿದ್ದರು. ಬೆಳಿಗ್ಗೆ ಮುಖ ತೊಳೆಯಲು ಹೋದರೆ ಎದುರಿಗೆ ಕನ್ನಡಿ. ಗುಂಡಿ ಒತ್ತಿದರೆ ಅದೇ ಕನ್ನಡಿಯ ಮೂಲೆಯಲ್ಲಿ ಟೀವಿ! ಒಂದು ಕಡೆ ಸಾಹುಕಾರರ ಮೀಸೆ, ಪಕ್ಕದಲ್ಲೇ ಷೇರುಪೇಟೆ. ಗುಂಡಿ ಆರಿಸಿದರೆ ಟೀವಿ ಇದ್ದ ಗುರುತೂ ಇಲ್ಲ.

ಊರಿಗೆ ಬಂದವರೇ ಅಪ್ಪಣೆ ಮಾಡಿದರು. ವಿನೋಬನಗರದ ಮನೆಯ ಬಚ್ಚಲಿಗೆ ಹೇಗೂ ಹೊಸ ಟೈಲ್ಸ್ ಹಾಕಿಸುವುದಿತ್ತು. ಅದರ ಜೊತೆಗೇ ಕನ್ನಡಿಯ ಹಿಂದೆ ಟೀವಿಯೂ ಆಗಲಿ.

ವರ್ತಕರ ತಾಯಿಗೆ ಎಂಬತ್ತರ ಮೇಲೆ. ಅವರು ಕೇಳಿದ್ದು ಒಂದೇ ಮಾತು: "ಅಲ್ಲೋ, ನಾವು ಅದನ್ನ ನೋಡ್ತೀವಿ ಸರಿ. ಅದು ನಮ್ಮನ್ನ ನೋಡಂಗಿಲ್ಲ ತಾನೆ?"

ಎಲ್ಲರೂ ನಕ್ಕರು. ಆದರೆ ಅಜ್ಜಿಯ ಪ್ರಶ್ನೆ ನಗುವಂಥದ್ದಲ್ಲ, ಅದರ ಕಥೆ ಮುಂದಿದೆ.

ಕನ್ನಡಿಯ ಮರ್ಮ

ಈ ಕನ್ನಡಿ ಟೀವಿ ಎಂಬುದು ಹೊಸ ಪವಾಡವೇನಲ್ಲ. ಹಾಲೆಂಡಿನ ಫಿಲಿಪ್ಸ್ ಕಂಪನಿ 2003ರಲ್ಲೇ ಇಂಥದ್ದನ್ನು ತಂದಿತ್ತು. ಮಾಡುವ ಬಗೆಯೂ ಗುಟ್ಟಿನದಲ್ಲ. ಮನೆಯಲ್ಲಿ ತೂಗುಹಾಕುವ ಮಾಮೂಲಿ ಕನ್ನಡಿಗೆ ಗಾಜಿನ ಹಿಂದೆ ಬೆಳ್ಳಿಯ ಲೇಪ, ಅದರ ಹಿಂದೆ ಬಣ್ಣ. ಅದನ್ನು ದಾಟಿ ಬೆಳಕು ಬರುವುದಿಲ್ಲ. ಟೀವಿಗೆ ಹಾಕುವ ಗಾಜಿನ ಲೇಪವೋ ಬಲು ತೆಳು. ಬಿದ್ದ ಬೆಳಕಿನಲ್ಲಿ ಒಂದು ಪಾಲನ್ನು ಹಿಂದಕ್ಕೆ ಎಸೆಯುತ್ತದೆ, ಇನ್ನೊಂದು ಪಾಲನ್ನು ಒಳಕ್ಕೆ ಬಿಡುತ್ತದೆ. ಟೀವಿ ಆರಿದ್ದಾಗ ಗಾಜಿನ ಹಿಂದೆ ಕತ್ತಲು, ಆಗ ನಿಮ್ಮ ಮುಖವೇ ಕಾಣುತ್ತದೆ. ಟೀವಿ ಹತ್ತಿತೆಂದರೆ ಅದರ ಬೆಳಕು ಗಾಜು ದಾಟಿ ಹೊರಗೆ ಬರುತ್ತದೆ. ಟೀವಿ ಇಲ್ಲದ ಜಾಗಕ್ಕೆಲ್ಲ ಹಿಂದಿನಿಂದ ಕಪ್ಪು ಹಚ್ಚಬೇಕು. ಇಲ್ಲದಿದ್ದರೆ ಗೋಡೆಯ ಗಾರೆ, ವೈರು ಎಲ್ಲ ಮಸುಕಾಗಿ ಕಂಡು ಸಾಹುಕಾರಿಕೆ ಬಯಲಾಗುತ್ತದೆ.

ಗ್ಲಾಸ್ ಅಂಗಡಿಯವರಿಗೆ ವರ್ತಕರು ಹಾಕಿದ ಮೊದಲ ಪ್ರಶ್ನೆ, "ಇರೋ ಕನ್ನಡಿನೇ ಹಿಂದೆ ಕೆರೆದು ಕೊಡೋಕಾಗಲ್ವಾ?" ಆಗುವುದಿಲ್ಲ. ಕೆರೆದರೆ ಬಣ್ಣದ ಜೊತೆ ಬೆಳ್ಳಿಯೂ ಎದ್ದು ಬರೀ ಕಿಟಕಿ ಗಾಜು ಉಳಿಯುತ್ತದೆ. ಗಾಜಿಗೆ ಅಂಟಿಸುವ ಅಗ್ಗದ ಕನ್ನಡಿ ಹಾಳೆಯೂ ಸಿಗುತ್ತದೆ. ಬಚ್ಚಲಿನ ಹಬೆಗೆ ಅದರ ಅಂಚು ಏಳುತ್ತದೆ, ಒರೆಸಿದಷ್ಟೂ ಗೀರು ಬೀಳುತ್ತದೆ.

ತೂಕವೂ ಲೆಕ್ಕಕ್ಕೆ ಬರಬೇಕು. ಆರು ಮಿಲಿಮೀಟರ್ ದಪ್ಪದ ಗಾಜು ಒಂದು ಚದರ ಮೀಟರಿಗೆ 15 ಕಿಲೋ ತೂಗುತ್ತದೆ. ಮೂರಡಿಗೆ ನಾಲ್ಕಡಿ ಕನ್ನಡಿ ಎಂದರೆ ಹತ್ತಿರ ಹತ್ತಿರ 17 ಕಿಲೋ. ಟೀವಿ ಕೂರಿಸಲು ಗೋಡೆಯನ್ನು ನಾಲ್ಕಿಂಚು ಕೆತ್ತಿ ಎಂದು ವರ್ತಕರು ಹೇಳಿದಾಗ ಗಾರೆ ಮೇಸ್ತ್ರಿ ಸುಮ್ಮನೆ ಗೋಡೆ ತಟ್ಟಿ ತೋರಿಸಿದರು. ಗೋಡೆ ಇದ್ದದ್ದೇ ನಾಲ್ಕೂವರೆ ಇಂಚು! ಆಚೆ ಬದಿ ದೇವರ ಮನೆ. ಕೊನೆಗೆ ಗೋಡೆಗೆ ಉಳಿ ಮುಟ್ಟಿಸದೆ, ಮುಂದಕ್ಕೆ ಪೆಟ್ಟಿಗೆಯಂತೆ ಚೌಕಟ್ಟು ಕಟ್ಟುವುದೆಂದು ತೀರ್ಮಾನವಾಯಿತು.

ಎಲೆಕ್ಟ್ರಿಷಿಯನ್ ಬಂದ

ಇಷ್ಟೆಲ್ಲ ಆದ ಮೇಲೆ ಬಂದವನು ಎಲೆಕ್ಟ್ರಿಷಿಯನ್. ಐಟಿಐ ಮಾಡಿದ ಹುಡುಗ, ಕಡಿಮೆ ಮಾತಿನವನು. ಕನ್ನಡಿ ನೋಡಲಿಲ್ಲ, ಟೀವಿ ಪೆಟ್ಟಿಗೆ ಬಿಚ್ಚಲಿಲ್ಲ. "ಮೇನ್ ಬೋರ್ಡ್ ಎಲ್ಲೈತ್ರಿ?" ಎಂದು ಕೇಳಿದ.

ಬೋರ್ಡ್ ತೆರೆದು ನೋಡಿ, "ಆರ್‌ಸಿಸಿಬಿ ಇಲ್ಲ ಸಾವ್ಕಾರ್ರೇ. ಅದು ಹಾಕದೆ ನಾನು ಬಚ್ಚಲಿಗೆ ವೈರ್ ಎಳಿಯಲ್ಲ" ಅಂದ.

"ಏನಪ್ಪ, ಎಲ್ಲಾ ಹೊಸ ಎಂಸಿಬಿ ಅದಾವಲ್ಲ? ಏನಾದ್ರೂ ಆದ್ರೆ ಟಪ್ ಅಂತ ಬೀಳ್ತಾವೆ."

ಸಾಹುಕಾರರ ಈ ನಂಬಿಕೆ ಊರಿನ ಮುಕ್ಕಾಲು ಪಾಲು ಮನೆ, ಅಂಗಡಿಗಳದ್ದೂ ಹೌದೆನ್ನಬೇಕು. ಎಂಸಿಬಿ ಇರುವುದು ವೈರಿನ ರಕ್ಷಣೆಗೆ. ಆರು ಆಂಪಿಯರ್‌ನ ಎಂಸಿಬಿ ಬೀಳಬೇಕಾದರೆ ಆರು ಆಂಪಿಯರ್‌ಗಿಂತ ಹೆಚ್ಚು ಕರೆಂಟು ಹರಿಯಬೇಕು. ಮನುಷ್ಯನ ಜೀವ ತೆಗೆಯಲು ಅಷ್ಟು ಬೇಕಿಲ್ಲ. ಮನೆಗಳಿಗೆ ಹಾಕುವ ಆರ್‌ಸಿಸಿಬಿ 30 ಮಿಲಿಆಂಪಿಯರ್‌ನದು, ಅಂದರೆ ಆ ಆರು ಆಂಪಿಯರ್‌ನ ಇನ್ನೂರನೇ ಒಂದು ಪಾಲು. ಒಬ್ಬ ಮನುಷ್ಯ ಒದ್ದೆ ಮೈಯಲ್ಲಿ ಕರೆಂಟಿಗೆ ಅಂಟಿಕೊಂಡು ನಿಂತಿದ್ದರೂ ಎಂಸಿಬಿಗೆ ಅದು ಒಂದು ಬಲ್ಬು ಉರಿದಷ್ಟು ಲೆಕ್ಕ. ಅದು ಬೀಳುವುದೇ ಇಲ್ಲ.

ಹುಡುಗ ವಿವರಿಸಿದ್ದು ಮಂಡಿಯವರ ಭಾಷೆಯಲ್ಲೇ. "ನಿಮ್ಮ ಗೋಡೌನ್ ಬಾಗಿಲಲ್ಲಿ ಗುಮಾಸ್ತ ಕೂತಿರ್ತಾನಲ್ಲ, ಹಂಗೆ ಇದು. ಫೇಸಲ್ಲಿ ಎಷ್ಟು ಕರೆಂಟು ಹೋತು, ನ್ಯೂಟ್ರಲ್‌ನಲ್ಲಿ ಎಷ್ಟು ವಾಪಸ್ ಬಂತು ಅಂತ ಎಣಿಸ್ತಾ ಇರುತ್ತೆ. ನೂರು ಚೀಲ ಹೋಗಿ ತೊಂಬತ್ತೊಂಬತ್ತು ಬಂದ್ರೆ ಒಂದು ಚೀಲ ಬೇರೆ ದಾರಿ ಹಿಡಿದೈತೆ ಅಂತ ಅರ್ಥ. ಆ ದಾರಿ ಮನುಷ್ಯನ ಮೈ ಆಗಿರಬಹುದು. ತಕ್ಷಣ ಬಾಗಿಲು ಹಾಕಿಬಿಡುತ್ತೆ."

ಕಣ್ಣು ಮಿಟುಕಿಸುವುದರೊಳಗೆ ಹಾಕಿಬಿಡುತ್ತದೆ. ಒಂದು ಮಾತು ಮಾತ್ರ ನೆನಪಿಡಬೇಕು. ಒಂದು ಕೈ ಫೇಸಿಗೂ ಇನ್ನೊಂದು ಕೈ ನ್ಯೂಟ್ರಲ್‌ಗೂ ಕೊಟ್ಟು ನಿಂತವರನ್ನು ಅದೂ ಉಳಿಸದು. ಲೆಕ್ಕ ಸರಿಹೋಯಿತಲ್ಲ!

ಬಲ್ಬು ಹೊತ್ತಲಿಲ್ಲ

ಆಮೇಲೆ ಹುಡುಗ ಚೀಲದಿಂದ ಟೆಸ್ಟ್ ಲ್ಯಾಂಪ್ ತೆಗೆದ. ಹೋಲ್ಡರ್, ಬಲ್ಬು, ಎರಡು ವೈರು, ಅಷ್ಟೆ. ಬಚ್ಚಲಿನ ಗೀಸರ್ ಪಾಯಿಂಟಿನಲ್ಲಿ ಫೇಸಿಗೂ ನ್ಯೂಟ್ರಲ್‌ಗೂ ಹಿಡಿದ. ಬಲ್ಬು ಝಗ್ ಎಂದಿತು. ಫೇಸಿಗೂ ಅರ್ಥಿಗೂ ಹಿಡಿದ. ಹೊತ್ತಲಿಲ್ಲ. ವೈರು ತಿಕ್ಕಿ ಮತ್ತೆ ಹಿಡಿದ. ಹೊತ್ತಲೇ ಇಲ್ಲ.

ಬೋರ್ಡ್ ಬಿಚ್ಚಿದರೆ ಗೀಸರಿನಿಂದ ಬಂದ ಹಸಿರು ವೈರು ಅಲ್ಲಿಯವರೆಗೆ ನೆಟ್ಟಗೆ ಬಂದಿತ್ತು. ಅಲ್ಲಿಂದ ಮುಂದಕ್ಕೆ ಎಲ್ಲಿಗೂ ಹೋಗಿರಲಿಲ್ಲ. ಸುರುಳಿ ಸುತ್ತಿ ಒಳಗೆ ತುರುಕಿದ್ದರು, ಅಷ್ಟೆ. ಗೀಸರ್ ಹಾಕಿಸಿ ಒಂಬತ್ತು ವರ್ಷವಾಗಿತ್ತು.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ವರ್ತಕರ ಹೆಂಡತಿ ಆಗ ಬಾಯಿಬಿಟ್ಟರು. "ಅದಕ್ಕೇ ಇರಬೇಕು, ಮಳೆಗಾಲದಾಗೆ ನಲ್ಲಿ ಮುಟ್ಟಿದ್ರೆ ಜುಂ ಅಂತಿತ್ತು. ನಾನೂ ಅತ್ತೆನೂ ರಬ್ಬರ್ ಚಪ್ಪಲಿ ಹಾಕ್ಕೊಂಡೇ ಸ್ನಾನಕ್ಕೆ ಹೋಗ್ತಿದ್ವಿ. ಇವ್ರಿಗೆ ಎರಡು ಸಲ ಹೇಳಿದೆ, ಥಂಡಿಗೆ ಹಂಗಾಗುತ್ತೆ ಅಂದ್ರು."

ಸಾಹುಕಾರರು ಏನೂ ಮಾತಾಡಲಿಲ್ಲ. ಹುಡುಗನೂ ಆಡಲಿಲ್ಲ. ಗೀಸರಿನ ಸ್ವಿಚ್ ಆರಿಸಿ, ಅದರ ಮೇಲೆ ಅಂಟುಪಟ್ಟಿ ಸುತ್ತಿ, ಇವತ್ತು ಯಾರೂ ಇದನ್ನು ಮುಟ್ಟಬೇಡಿ ಎಂದು ಮಾತ್ರ ಹೇಳಿದ.

ನೀರು ಕಾಯಿಸುವ ಕಡ್ಡಿ ಹಳತಾಗಿ ಒಡೆದರೆ ಗೀಸರಿನ ಲೋಹದ ಮೈಗೆ, ಒಳಗಿನ ನೀರಿಗೆ, ನಲ್ಲಿಗೆ ಕರೆಂಟು ಬರುತ್ತದೆ. ಅರ್ಥ್ ಸರಿಯಾಗಿದ್ದರೆ ಅದು ನೆಲ ಸೇರುತ್ತದೆ. ಅರ್ಥ್ ಇಲ್ಲದಿದ್ದರೆ ನಲ್ಲಿ ಮುಟ್ಟುವ ಒದ್ದೆ ಕೈಗಾಗಿ ಕಾಯುತ್ತದೆ. ಒಂಬತ್ತು ವರ್ಷ ಆ ಮನೆಯನ್ನು ಕಾಪಾಡಿದ್ದು ಎರಡು ಜೊತೆ ಹವಾಯಿ ಚಪ್ಪಲಿ.

ಹಿತ್ತಲಿನ ಅರ್ಥ್ ಗುಂಡಿಯ ಗತಿಯೂ ಅಷ್ಟಕ್ಕಷ್ಟೆ. ಉಪ್ಪು, ಇದ್ದಿಲು ತುಂಬಿ ಕೊಳವೆ ಇಳಿಸಿದ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಬೇಕು. ಒಣಗಿದ ಮಣ್ಣಿನಲ್ಲಿ ಕರೆಂಟು ಸಲೀಸಾಗಿ ಇಳಿಯುವುದಿಲ್ಲ. ಇಲ್ಲಿ ಗುಂಡಿಯ ಮೇಲೆ ಬೈಕ್ ನಿಲ್ಲಿಸಲು ಸಿಮೆಂಟ್ ಹಾಕಿಸಿದ್ದರು. ಅಂಗಡಿಗಳಲ್ಲಿ ಇನ್ನೊಂದು ಚಾಳಿಯಿದೆ. ಮೂರು ಪಿನ್ನಿನ ದಪ್ಪ ಪಿನ್ನು ಸಾಕೆಟ್ಟಿಗೆ ಹೋಗದಿದ್ದರೆ ಅದನ್ನು ಮುರಿದು ಎರಡು ಪಿನ್ನು ಮಾಡಿಕೊಳ್ಳುವುದು. ಮುರಿಯುವುದು ಅರ್ಥ್ ಪಿನ್ನನ್ನೇ. ಫ್ರಿಜ್ಜು, ಗ್ರೈಂಡರು, ಜ್ಯೂಸ್ ಮಿಕ್ಸರು ಇಟ್ಟವರು ಇವತ್ತು ಅಂಗಡಿ ಮುಚ್ಚುವ ಮುಂಚೆ ಒಮ್ಮೆ ಬಗ್ಗಿ ನೋಡಿದರೆ ನಷ್ಟವೇನಿಲ್ಲ.

ಹೋಟೆಲಿನ ಬಚ್ಚಲೇ ಬೇರೆ

ಗೀಸರ್ ಕಥೆ ಮುಗಿದ ಮೇಲೆ ಟೀವಿಯ ಮಾತು ಮತ್ತೆ ಬಂತು. ಹೋಟೆಲಿನಲ್ಲಿ ನಡೆಯುವುದು ನಮ್ಮಲ್ಲಿ ಯಾಕೆ ನಡೆಯದು? ಅಲ್ಲಿ ಸ್ನಾನ ಗಾಜಿನ ಗೂಡಿನೊಳಗೆ, ವಾಷ್ ಬೇಸಿನ್ ಒಣ ಜಾಗದಲ್ಲಿ. ನಮ್ಮಲ್ಲಿ ಬಕೆಟ್ಟು, ಚೊಂಬು. ತಲೆ ಮೇಲೆ ಸುರಿದ ನೀರು ನಾಲ್ಕೂ ಗೋಡೆಗೆ ಹಾರುತ್ತದೆ. ಮೇಲೆ ಬಿಸಿನೀರಿನ ಹಬೆ. ಕೊಳವೆಬಾವಿ ನೀರಾದರೆ ಗಾಜಿನ ಮೇಲೆ ಬಿಳಿ ಕಲೆ ಬೇರೆ.

ಮಾಮೂಲಿ ಹಾಲ್ ಟೀವಿಯ ಬೆನ್ನಿನಲ್ಲಿ ಗಾಳಿಗೆಂದು ಸೀಳುಗಳಿರುತ್ತವೆ, ಹಬೆ ಅಲ್ಲಿಂದಲೇ ಒಳಗೆ ಹೋಗುತ್ತದೆ. ಹಬೆ ಬಾರದಿರಲೆಂದು ಪೆಟ್ಟಿಗೆಯನ್ನು ಪೂರಾ ಮುಚ್ಚಿದರೆ ಟೀವಿ ತನ್ನ ಕಾವಿಗೆ ತಾನೇ ಬೇಯುತ್ತದೆ. ತೇವಕ್ಕೆ ಕೆಟ್ಟರೆ ಸಾಮಾನ್ಯವಾಗಿ ವಾರಂಟಿಯೂ ನಡೆಯದು. ಬಚ್ಚಲಿಗೆಂದೇ ಮಾಡಿದ ಟೀವಿಗಳು ಬೇರೆ ಇವೆ. ಅವುಗಳ ಮೇಲೆ ಐಪಿ 65 ಎಂಬಂಥ ಗುರುತು ಇರುತ್ತದೆ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಹಲವು 12 ವೋಲ್ಟಿನಲ್ಲೇ ನಡೆಯುತ್ತವೆ. ಅವುಗಳ ಅಡಾಪ್ಟರನ್ನು ಬಚ್ಚಲಿನ ಹೊರಗಿಟ್ಟು ಒಳಗೆ ಬರೀ 12 ವೋಲ್ಟಿನ ವೈರು ತಂದರೆ 230 ವೋಲ್ಟು ಒಳಗೆ ಕಾಲಿಡುವುದೇ ಇಲ್ಲ. ಹುಡುಗ ಹಟ ಹಿಡಿದದ್ದು ಇದಕ್ಕೇ. ವರ್ತಕರು ಆಗಲೇ ಕೊಂಡಿದ್ದ ಹಾಲ್ ಟೀವಿ ವಾಪಸಾಯಿತು.

ಇನ್ನೂ ಸಣ್ಣಪುಟ್ಟ ತಾಪತ್ರಯಗಳು. ರಿಮೋಟಿನ ಕಿರಣ ಎಲ್ಲ ಕನ್ನಡಿಯನ್ನೂ ಸರಿಯಾಗಿ ದಾಟುವುದಿಲ್ಲ, ಕೆಳಗಡೆ ಪ್ರತ್ಯೇಕ ಕಣ್ಣು ಇಡಬೇಕು. ಮಾತು ಗಾಜಿನ ಹಿಂದೆ ಹೂತುಹೋಗುತ್ತದೆ, ಸ್ಪೀಕರ್ ಬೇರೆ ಬೇಕು. ಕನ್ನಡಿಯ ಮೇಲಿನ ದೀಪ ಜೋರಾಗಿದ್ದರೆ ಚಿತ್ರ ಮಂಕು. ಎಲ್ಲಕ್ಕಿಂತ ಮುಖ್ಯ, ಕನ್ನಡಿಯನ್ನು ಸಿಮೆಂಟಿಗೆ ಅಂಟಿಸದೆ ಸ್ಕ್ರೂನಲ್ಲೋ ಕೀಲಿನಲ್ಲೋ ನಿಲ್ಲಿಸಬೇಕು. ಕೆಟ್ಟಾಗ ತೆಗೆಯಲಾಗದ ಟೀವಿಗೆ 17 ಕಿಲೋ ಗಾಜು ಒಡೆಯಬೇಕಾದೀತು.

ಅಜ್ಜಿಯ ಪ್ರಶ್ನೆ

ಈಗ ಅಜ್ಜಿಯ ಮಾತಿಗೆ ಬರೋಣ. ಈ ಗಾಜಿಗೆ ಒಂದೇ ದಿಕ್ಕು ಎಂಬುದಿಲ್ಲ. ಬೆಳಕಿರುವ ಕಡೆಯವರಿಗೆ ಕನ್ನಡಿ, ಕತ್ತಲಿರುವ ಕಡೆಯವರಿಗೆ ಕಿಟಕಿ. ಮನೆಯ ಗೋಡೆಯ ಮೇಲೆ ಹಿಂದೆ ಯಾರೂ ಕೂರಲಾಗದು ನಿಜ. ಆದರೆ ಕ್ಯಾಮೆರಾ ಇರುವ ಟೀವಿಗಳು ಬಂದಿವೆ, ಬಚ್ಚಲಿಗೆ ಅಂಥದ್ದು ಬೇಡವೇ ಬೇಡ. ಲಾಡ್ಜು, ಜವಳಿ ಅಂಗಡಿಯ ಟ್ರಯಲ್ ರೂಮಿನಲ್ಲಿ ಅನುಮಾನ ಬಂದರೆ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಗಾಜಿಗೆ ಒತ್ತಿ, ಕೈಯಿಂದ ಮರೆಮಾಡಿ ನೋಡಬೇಕು. ಮಾಮೂಲಿ ಕನ್ನಡಿಯಾದರೆ ಹಿಂದೆ ಏನೂ ಕಾಣದು. ಹೆಂಗಸರನ್ನು ಹೀಗೆ ಕದ್ದು ನೋಡುವುದು, ಚಿತ್ರ ತೆಗೆಯುವುದು 2013ರಿಂದ ಪ್ರತ್ಯೇಕ ಅಪರಾಧ. 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಲ್ಲಿ ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಜೈಲು, ದಂಡ. ಟ್ರಯಲ್ ರೂಮ್ ಇಟ್ಟವರು ಮಾಮೂಲಿ ಕನ್ನಡಿಯನ್ನೇ ಹಾಕುವುದು ಲೇಸು.

ವಿನೋಬನಗರದ ಮನೆಗೆ ಆರ್‌ಸಿಸಿಬಿ ಬಂದಿದೆ. ಗೀಸರಿನ ಹಸಿರು ವೈರು ಹಿತ್ತಲಿನ ಹೊಸ ಗುಂಡಿಯವರೆಗೆ ಹೋಗಿದೆ. ಆರ್‌ಸಿಸಿಬಿಯ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡುವ ಕೆಲಸ ಸಾಹುಕಾರರ ಹೆಂಡತಿಯದು, ಅವರು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದಾರೆ. ಟೀವಿಯೂ ಕೂತಿದೆ. ಬೆಳಿಗ್ಗೆ ಏಳರಿಂದ ಎಂಟರವರೆಗೆ ಬಚ್ಚಲು ಸಾಹುಕಾರರ ವಶ, ಬಾಗಿಲು ಬಡಿದರೂ ತೆರೆಯುವುದಿಲ್ಲವೆಂದು ಮನೆಯವರ ದೂರು. ಅಜ್ಜಿ ಮಾತ್ರ ಸ್ನಾನಕ್ಕೆ ಹೋಗುವಾಗ ಕನ್ನಡಿಯ ಮೇಲೆ ಟವೆಲ್ ಇಳಿಬಿಟ್ಟೇ ನೀರು ಹುಯ್ದುಕೊಳ್ಳುತ್ತಾರೆ. ಕಾಲಲ್ಲಿ ಈಗಲೂ ರಬ್ಬರ್ ಚಪ್ಪಲಿ.

ಎದುರು ಮನೆಯವರು ಮೊನ್ನೆ ಆ ಹುಡುಗನನ್ನು ಕರೆದುಕೊಂಡು ಹೋದರು. ಅವರಿಗೆ ಟೀವಿ ಬೇಡವಂತೆ. ಟೆಸ್ಟ್ ಲ್ಯಾಂಪ್ ತಂದು ಗೀಸರ್ ಪಾಯಿಂಟಿಗೆ ಒಂದು ಸಲ ಹಿಡಿದು ತೋರಿಸು ಅಂದರಂತೆ.