ವಾಲ್ ನದಿಯಾಚೆಯ ಬಿಸಿಲು

ಜುಲೈ ನಡುವಿನ ಒಂದು ಮಂಗಳವಾರ. ಇನ್ನೂ ಬೆಳಕು ಹರಿದಿಲ್ಲ, ಆಗಲೇ ನೆದರ್ಲೆಂಡ್ಸಿನ ನೈಮೇಖನ್ ಊರಿನ ಬೀದಿಗಳಲ್ಲಿ ಸಾವಿರಾರು ಬೂಟುಗಳ ಸಪ್ಪಳ. ಕಾಲಿಗೆ ಹಚ್ಚಿದ ಮುಲಾಮಿನ ಘಾಟು, ಬಿಸಿ ಕಾಫಿಯ ಘಮ, ರಾತ್ರಿಯೆಲ್ಲ ಕುಣಿದು ಮನೆಗೆ ಹೋಗದೆ ರಸ್ತೆಬದಿಯಲ್ಲೇ ನಿಂತ ಹುಡುಗ ಹುಡುಗಿಯರ ಚಪ್ಪಾಳೆ. ವಾಲ್ ನದಿಯ ದೊಡ್ಡ ಸೇತುವೆಯ ಮೇಲೆ ತಂಗಾಳಿ ಬೀಸುತ್ತದೆ. ಆ ಗಾಳಿಗೆ ಮೈಯೊಡ್ಡಿ ನಡೆಯುವವರಲ್ಲಿ ಅಜ್ಜ ಅಜ್ಜಿಯರಿದ್ದಾರೆ, ದಾದಿಯರಿದ್ದಾರೆ, ಕನಿಷ್ಠ 10 ಕಿಲೋ ಭಾರದ ಚೀಲ ಹೊತ್ತ ಸೈನಿಕರಿದ್ದಾರೆ. ನಾಲ್ಕು ದಿನ, ವಯಸ್ಸಿಗೆ ತಕ್ಕಂತೆ ದಿನಕ್ಕೆ 30, 40 ಅಥವಾ 50 ಕಿಲೋಮೀಟರು. 1909ರಲ್ಲಿ ಶುರುವಾದ ಈ ನಡಿಗೆಗೆ ಈಗ ನಲವತ್ತು ಸಾವಿರಕ್ಕೂ ಹೆಚ್ಚು ಜನ ಬರುತ್ತಾರೆ. ಅಲ್ಲಿನವರ ಬಾಯಲ್ಲಿ ಇದು ‘ಫೀರ್‌ದಾಖ್ಸ’.

ಸೇತುವೆ ದಾಟಿದರೆ ಬೇತುವೆ ಸೀಮೆ. ಸೇಬು, ಪಿಯರ್, ಚೆರ್ರಿ ತೋಟಗಳ ನಾಡು. ಆದರೆ ದಾರಿ ತೋಟದ ನೆರಳಲ್ಲೇ ಸಾಗುವುದಿಲ್ಲ. ನೀರು ಊರಿಗೆ ನುಗ್ಗದಂತೆ ಕಟ್ಟಿದ ಎತ್ತರದ ಒಡ್ಡುಗಳನ್ನೂ ಹತ್ತುತ್ತದೆ. ಒಡ್ಡಿನ ಮೇಲೆ ಮರವಿಲ್ಲ. ಹತ್ತು ಗಂಟೆಯ ಹೊತ್ತಿಗೆ ಡಾಂಬರು ಕಾದು ಅಡಿಯಿಂದಲೂ ಝಳ ಹೊಡೆಯುತ್ತದೆ. ಮಾತು, ಹಾಡು ಒಂದೊಂದಾಗಿ ನಿಲ್ಲುತ್ತವೆ. ಮುಂದೆ ಹೋಗುತ್ತಿರುವ ಸೈನಿಕನ ಬೆನ್ನನ್ನೇ ನೋಡಿ: ಚೀಲದ ಪಟ್ಟಿ ಉಜ್ಜಿದ ಜಾಗದಲ್ಲಿ ಬೆವರು ಒಣಗಿ ಅಂಗಿಯ ಮೇಲೆ ಉಪ್ಪಿನ ಬಿಳಿ ಗೆರೆ ಮೂಡಿದೆ. ಗಂಟೆಗಟ್ಟಲೆ ಇಳಿಬಿಟ್ಟ ಕೈಗಳ ಬೆರಳು ಊದಿಕೊಂಡು, ಉಂಗುರ ತಿರುಗಿಸಲೂ ಬಾರದು.

ಅಷ್ಟರಲ್ಲಿ ಊರು ಬರುತ್ತದೆ. ಮನೆಮನೆಯ ಗೇಟಿನಲ್ಲೂ ಕುರ್ಚಿ ಹಾಕಿ ಕುಳಿತ ಜನ. ತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು ಒಬ್ಬ ಅಜ್ಜಿ ರಸ್ತೆಯುದ್ದಕ್ಕೂ ತುಂತುರು ಹಾರಿಸುತ್ತಾಳೆ. ಬಂದವರೆಲ್ಲ ಟೋಪಿ ತೆಗೆದು ತಲೆಯೊಡ್ಡುತ್ತಾರೆ. ಪಕ್ಕದಲ್ಲೊಂದು ಮಗು, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಸೌತೆಕಾಯಿ ಹೋಳು. ಯುಗಾದಿಗೆ ಶ್ರೀಶೈಲಕ್ಕೆ ಹೊರಟ ಬಾಗಲಕೋಟೆ, ವಿಜಯಪುರದ ಪಾದಯಾತ್ರಿಗಳಿಗೆ ದಾರಿಯ ಹಳ್ಳಿಗಳವರು ಅರವಟ್ಟಿಗೆ ಇಟ್ಟು ಮಜ್ಜಿಗೆ ಕೊಡುವ ಅದೇ ಅಕ್ಕರೆ ಇದು. ಯಾರೂ ಹೆಸರು ಕೇಳುವುದಿಲ್ಲ.

ಮೂವತ್ತು ಚಿಲ್ಲರೆ ಡಿಗ್ರಿಯ ಬಿಸಿಲಿಗೆ ಇಷ್ಟೊಂದು ಬಳಲಿಕೆಯೇ ಎಂದು ಕಲಬುರಗಿ, ರಾಯಚೂರಿನವರಿಗೆ ಅನ್ನಿಸಬಹುದು. ಆದರೆ ಬಿಸಿಲಿಗೆ ಒಗ್ಗಿಕೊಳ್ಳಲು ಮೈಗೆ ಒಂದೆರಡು ವಾರವಾದರೂ ಬೇಕು. ಮೋಡ, ಜಿನುಗು ಮಳೆಯ ಆ ದೇಶದಲ್ಲಿ ಸೆಕೆ ಎನ್ನುವುದು ಹೇಳದೆ ಕೇಳದೆ ಬರುವ ನೆಂಟ. ಅದರ ಮೇಲೆ ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಹರಿಯುತ್ತದೆಯೇ ಹೊರತು ಆರುವುದಿಲ್ಲ; ಆರದ ಬೆವರು ಮೈ ತಂಪು ಮಾಡುವುದಿಲ್ಲ. ಬಿರುಸಾಗಿ ನಡೆಯುವವನ ಮೈಯಿಂದ ಗಂಟೆಗೆ ಅರ್ಧದಿಂದ ಒಂದು ಲೀಟರು ನೀರು ಹೋದೀತು, ಜೊತೆಗೆ ಉಪ್ಪೂ ಹೋಗುತ್ತದೆ. ಹೆದರಿ ಬರೀ ನೀರನ್ನೇ ಕೊಡ ಕೊಡ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಕೊನೆಗೆ ಫಿಟ್ಸ್ ಕೂಡ ಬರಬಹುದು. ಬಿಸಿಲಲ್ಲಿ ದಣಿದವನಿಗೆ ಉಪ್ಪು ಹಾಕಿದ ಮಜ್ಜಿಗೆ ಕೊಡುವ ನಮ್ಮ ಅಡುಗೆಮನೆಯ ತಿಳಿವಳಿಕೆ ಇಲ್ಲಿ ಸರಿಯಾಗಿಯೇ ಇದೆ.

2006ರ ಜುಲೈ 18ರಂದು ಇದೇ ದಾರಿಯಲ್ಲಿ ಇಬ್ಬರು ಪ್ರಾಣ ಬಿಟ್ಟರು. ಅದು 90ನೆಯ ನಡಿಗೆಯ ಮೊದಲ ದಿನ. ನೂರಾರು ಜನ ಅಸ್ವಸ್ಥರಾದರು. ಉಳಿದ ಮೂರು ದಿನಗಳನ್ನು ರದ್ದು ಮಾಡಿದರು. ವರ್ಷವಿಡೀ ಕಾಲು ಪಳಗಿಸಿಕೊಂಡು ಬಂದವರು ಕಣ್ಣೀರು ಹಾಕಿಕೊಂಡು ಊರಿಗೆ ಮರಳಿದರೆ ಅಚ್ಚರಿಯಿಲ್ಲ. ಆದರೂ ನಿಲ್ಲಿಸಿದ್ದೇ ಸರಿ. ಆ ಪಾಠ ಮರೆತುಹೋಗಲಿಲ್ಲ: 2022ರಲ್ಲಿ ಕಡು ಬಿಸಿಲಿನ ಮುನ್ಸೂಚನೆ ಬಂದಾಗ ಮೊದಲ ದಿನವನ್ನು ಮುಂಚೆಯೇ ಕೈಬಿಟ್ಟು, ನಾಲ್ಕು ದಿನದ ನಡಿಗೆಯನ್ನು ಮೂರೇ ದಿನಕ್ಕೆ ಮುಗಿಸಿದರು. ನಲವತ್ತು ಸಾವಿರ ಜನರ ಹುಮ್ಮಸ್ಸಿನೆದುರು ‘ಬೇಡ’ ಎನ್ನಲು ಗಟ್ಟಿ ಗುಂಡಿಗೆ ಬೇಕು.

ಗುಂಪಿನ ನಡಿಗೆಯಲ್ಲಿ ಛಲವೂ ಒಬ್ಬರಿಂದೊಬ್ಬರಿಗೆ ಹತ್ತುತ್ತದೆ. ಹಿಂದೆ ಬೀಳುವ ನಾಚಿಕೆಗೆ ಸುಸ್ತನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಶ್ರೀಶೈಲಕ್ಕೋ ಧರ್ಮಸ್ಥಳಕ್ಕೋ ಮಾದಪ್ಪನ ಬೆಟ್ಟಕ್ಕೋ ಕಾಲ್ನಡಿಗೆಯಲ್ಲಿ ಹೊರಡುವವರಲ್ಲಿ ಒಂದು ಮಾತು: ಬಿಸಿಲೇರುವ ಮುಂಚೆ ನಡೆದು ನಡುಹಗಲು ನೆರಳು ಹಿಡಿಯಿರಿ, ಇಬ್ಬಿಬ್ಬರು ಜೊತೆಯಾಗಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿರಿ. ಪಕ್ಕದವರ ಮಾತು ತೊದಲಿದರೆ, ನಡಿಗೆ ಓಲಾಡಿದರೆ, ಮೈ ಬೆಂಕಿಯಾಗಿದ್ದರೆ ಮುಂದಿನ ಊರಿನವರೆಗೆ ಕಾಯಬೇಡಿ. ಅಲ್ಲೇ ನೆರಳಿಗೆ ಮಲಗಿಸಿ, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ನೀರು ಹಾಕಬೇಡಿ.