ಮೂಸಿ ತೀರದ ಕನ್ನಡ ಮನೆತನಗಳ ನೆನಪಿನ ಭಂಡಾರ

ಚಾರ್‌ಮಿನಾರಿನ ಸೊಬಗನ್ನೂ ಗೋಲ್ಕೊಂಡದ ಭಗ್ನವೈಭವವನ್ನೂ ವರ್ಣಿಸುವ ಗ್ರಂಥಗಳಿಗೆ ಕೊರತೆಯಿಲ್ಲ; ಆದರೆ ಹೈದರಾಬಾದಿನ ಕಾರ್ಖಾನೆಗಳಲ್ಲಿ ದುಡಿದ, ದಫ್ತರಗಳಲ್ಲಿ ಕಡತ ಬರೆದ, ಶಾಲೆಗಳಲ್ಲಿ ಪಾಠ ಹೇಳಿದ ಸಾಮಾನ್ಯ ಕುಟುಂಬಗಳ ಚರಿತ್ರೆಯನ್ನು ಅರಿಯಬಯಸುವವನು ಗ್ರಂಥಗಳನ್ನು ಬದಿಗಿರಿಸಿ ಹಿರಿಯರ ಸನ್ನಿಧಿಯಲ್ಲಿ ಕುಳಿತುಕೊಳ್ಳಬೇಕಾಗುತ್ತದೆ. ಕಾಚಿಗೂಡ, ಬರ್ಕತ್‌ಪುರ, ಚಿಕ್ಕಡಪಲ್ಲಿ ಮೊದಲಾದ ಬಡಾವಣೆಗಳಲ್ಲಿ ತಲೆಮಾರುಗಳಿಂದ ನೆಲೆಸಿರುವ ಕನ್ನಡ ಮನೆತನಗಳು ಅಂತಹ ಚರಿತ್ರೆಯೊಂದನ್ನು ಮಾತಿನಲ್ಲಿಯೇ ಕಾಪಾಡಿಕೊಂಡು ಬಂದಿವೆ. ಹಬ್ಬದ ಊಟದ ತರುವಾಯ, ಮದುವೆಯ ಚಪ್ಪರದಲ್ಲಿ, ರಾಯರ ಆರಾಧನೆಗೆ ಮಠದಲ್ಲಿ ನೆರೆದ ಬಂಧುಗಳ ನಡುವೆ ನಡೆಯುವ ಈ ನೆನಪಿನ ವಿನಿಮಯಕ್ಕೆ ಕಟ್ಟಡವಿಲ್ಲ, ನಿಯಮಾವಳಿಯಿಲ್ಲ. ಆದರೂ ಅದು ಒಂದು ಸಂಸ್ಥೆಯೇ ಸರಿ.

ಈ ಮನೆತನಗಳು ಇಲ್ಲಿಗೆ ಬಂದ ಬಗೆಯನ್ನು ಭೂಗೋಳವೇ ಅರ್ಧ ಹೇಳಿಬಿಡುತ್ತದೆ. ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳು 1948ರ ಸೆಪ್ಟೆಂಬರಿನವರೆಗೆ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದುದರಿಂದ ವಿದ್ಯೆಗೂ ಉದ್ಯೋಗಕ್ಕೂ ನ್ಯಾಯಕ್ಕೂ ಅಲ್ಲಿನ ಜನರು ಹೈದರಾಬಾದಿನ ಕಡೆಗೇ ಮುಖ ಮಾಡಬೇಕಾಗಿತ್ತು. 1874ರಲ್ಲಿ ಸಿಕಂದರಾಬಾದಿಗೆ ಬಂದ ನಿಜಾಮರ ರೈಲುದಾರಿ ಹೊರಟದ್ದು ಕಲಬುರಗಿ ಸೀಮೆಯ ವಾಡಿಯಿಂದ. ಆ ಹಳಿಗಳ ಮೇಲೆಯೇ ವಿದ್ಯಾರ್ಥಿಯೂ ಗುಮಾಸ್ತನೂ ವಕೀಲನೂ ವರ್ತಕನೂ ಕೂಲಿಕಾರನೂ ಬಂದರು. ನಗರದ ಹಳೆಯ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದಿ ಫರಸಿಯೂ ಅದೇ ಸೀಮೆಯದು.

ಲಾಲಾಗೂಡದ ರೈಲ್ವೆ ಕಾರ್ಯಾಗಾರ, ಹುಸೇನ್ ಸಾಗರದ ಕಟ್ಟೆಯ ಕೆಳಗಿನ ದಿವಾನ್ ಬಹಾದ್ದೂರ್ ರಾಮಗೋಪಾಲ್ ಗಿರಣಿ, ಆಜಮಾಬಾದಿನ ಕೈಗಾರಿಕಾ ಪ್ರದೇಶ, 1942ರ ಆಲ್ವಿನ್, 1943ರ ಪ್ರಾಗಾ ಟೂಲ್ಸ್, ಸ್ವಾತಂತ್ರ್ಯಾನಂತರ ರಾಮಚಂದ್ರಾಪುರದಲ್ಲಿ ತಲೆಯೆತ್ತಿದ ಬಿ.ಎಚ್.ಇ.ಎಲ್., 1967ರ ಇ.ಸಿ.ಐ.ಎಲ್. – ಹೀಗೆ ನವಾಬರ ನಗರವು ಯಂತ್ರಗಳ ನಗರವಾಗಿ ಪರಿಣಮಿಸಿತು. ಕಾರ್ಖಾನೆಯ ಲೆಕ್ಕಪತ್ರಗಳಲ್ಲಿ ಉತ್ಪಾದನೆಯ ಅಂಕಿಗಳು ದೊರೆಯಬಹುದು. ಆದರೆ ಲೇತ್ ಯಂತ್ರದ ಕೆಲಸವನ್ನು ಯಾರು ಯಾರಿಗೆ ಕಲಿಸಿದರು, ಪಾಳಿ ಮುಗಿಸಿ ಬಂದವರು ಯಾವ ಕಟ್ಟೆಯ ಮೇಲೆ ಕುಳಿತು ಕನ್ನಡ, ತೆಲುಗು, ದಖನಿ ಮೂರನ್ನೂ ಬೆರೆಸಿ ಮಾತಾಡಿಕೊಂಡರು, ಸಂಬಳ ನಿಂತ ತಿಂಗಳಲ್ಲಿ ಯಾರ ಮನೆಯ ಜೋಳದ ಹಿಟ್ಟು ಯಾರ ಮನೆಗೆ ಹೋಯಿತು ಎಂಬುದನ್ನು ಹೇಳಬಲ್ಲವರು ಆ ಮನೆಯವರೇ ಹೊರತು ಅನ್ಯರಲ್ಲ. ಆಲ್ವಿನ್ ಕಂಪನಿಯ ವೈಭವ ಮುಗಿದುಹೋಗಿ, ಮಿಯಾಪುರದ ಕಡೆಯ ಚೌರಸ್ತೆಯೊಂದು ಆ ಹೆಸರನ್ನು ಹೊತ್ತು ನಿಂತಿದೆ. ಹೆಸರಿನ ಹಿಂದಿನ ಜೀವನವು ಅಲ್ಲಿ ದುಡಿದವರ ಸ್ಮೃತಿಯಲ್ಲಿದೆ.

ಕನ್ನಡಿಗರ ನೆನಪುಗಳಿಗೆ ಆಶ್ರಯವಿತ್ತ ವಿದ್ಯಾಸ್ಥಾನಗಳನ್ನೂ ಇಲ್ಲಿ ಸ್ಮರಿಸತಕ್ಕದ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯ ಮಾಧ್ಯಮ ಉರ್ದುವಾಗಿದ್ದರೂ, ಡಿ. ಕೆ. ಭೀಮಸೇನರಾಯರಂತಹ ವಿದ್ವಾಂಸರು ಅಲ್ಲಿ ಕನ್ನಡದ ದೀಪವನ್ನು ಉರಿಸಿದರು. ‘ಕಾವ್ಯಾನಂದ’ರೆಂದು ಹೆಸರಾದ ಸಿದ್ದಯ್ಯ ಪುರಾಣಿಕರು ಅಲ್ಲಿಯೇ ವ್ಯಾಸಂಗ ಮಾಡಿದರು. ಕಾಚಿಗೂಡದ ನೃಪತುಂಗ ಶಾಲೆಯೂ ಕರ್ನಾಟಕ ಸಾಹಿತ್ಯ ಮಂದಿರವೂ ಹೊರನಾಡಿನಲ್ಲಿ ಕನ್ನಡವನ್ನು ಉಳಿಸಿದುದಲ್ಲದೆ, ಚದುರಿದ ಕುಟುಂಬಗಳು ಒಂದೆಡೆ ಕಲೆತು ತಮ್ಮ ಊರು, ಬಂಧುಬಳಗ, ಗತಿಸಿದವರ ವೃತ್ತಾಂತಗಳನ್ನು ಹಂಚಿಕೊಳ್ಳಲು ಎಡೆಮಾಡಿಕೊಟ್ಟವು.

ಈ ನಗರದ ಸ್ಮೃತಿಯಲ್ಲೆಲ್ಲ ಅತ್ಯಂತ ಆಳವಾದುದು 1908ರ ಸೆಪ್ಟೆಂಬರ್ 28ರ ಮೂಸಿ ನದಿಯ ಮಹಾಪೂರ. ಸುಮಾರು 15,000 ಜನರನ್ನು ಬಲಿತೆಗೆದುಕೊಂಡ ಆ ಪ್ರವಾಹದಲ್ಲಿ, ಇಂದು ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹುಣಿಸೆಯ ಮರವನ್ನೇರಿ ನೂರೈವತ್ತು ಮಂದಿ ಜೀವ ಉಳಿಸಿಕೊಂಡರೆಂಬ ವೃತ್ತಾಂತವು ಬಾಯಿಂದ ಬಾಯಿಗೆ ಸಾಗಿ ಬಂದಿದೆ; ಈಗಲೂ ಆ ಮರದಡಿಯಲ್ಲಿ ಜನರು ಸೇರಿ ಮೃತರನ್ನು ಸ್ಮರಿಸುತ್ತಾರೆ. ಪ್ರವಾಹದ ತರುವಾಯ ನಿಜಾಮ ಸರ್ಕಾರವು ನಗರರಕ್ಷಣೆಯ ಉಪಾಯವನ್ನು ಸೂಚಿಸಲು 1909ರಲ್ಲಿ ಕರೆಸಿಕೊಂಡದ್ದು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಅವರ ಸಲಹೆಯ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾದುವು. ಜಲಾಶಯಗಳ ಕಥೆ ವರದಿಗಳಲ್ಲಿದೆ. ಮರದ ಕಥೆಯನ್ನು ಮನೆತನಗಳು ಉಳಿಸಿದುವು. ಎರಡನ್ನೂ ಕೂಡಿಸಿ ಓದಿದಾಗಲೇ ಚರಿತ್ರೆ ಪೂರ್ಣವಾಗುತ್ತದೆ.

ನೆನಪನ್ನು ಬರೆದಿಡುವುದಕ್ಕೂ ಒಂದು ಕ್ರಮವುಂಟು. ಈ ಮನೆಗಳ ಪೆಟ್ಟಿಗೆಗಳಲ್ಲಿರುವ ಹಳೆಯ ಪ್ರಮಾಣಪತ್ರಗಳು ಬಹುಮಟ್ಟಿಗೆ ಉರ್ದುವಿನಲ್ಲಿದ್ದು, ಅವುಗಳ ಮೇಲಿನ ತೇದಿ ನಿಜಾಮರ ಆಡಳಿತದಲ್ಲಿ ಬಳಕೆಯಲ್ಲಿದ್ದ ಫಸಲಿ ವರ್ಷದ್ದಾಗಿರುತ್ತದೆ. ಫಸಲಿ ಅಂಕಿಗೆ ಸುಮಾರು 590 ಕೂಡಿಸಿದರೆ ನಮ್ಮ ಇಸವಿ ದೊರೆಯುವುದರಿಂದ, 1348 ಎಂದಿರುವ ಪತ್ರವನ್ನು 1938–39ಕ್ಕೆ ಸೇರಿದುದೆಂದು ತಿಳಿಯಬೇಕು. ಸಂಸ್ಥಾನದ ನಿವಾಸಿಯೆಂಬುದನ್ನು ದೃಢೀಕರಿಸುವ ಮುಲ್ಕಿ ಪತ್ರ, ನಿಜಾಮರ ನಾಣ್ಯವಾದ ಹಾಲಿ ಸಿಕ್ಕಾದ ರಸೀದಿ, ಮದುವೆಯ ಆಮಂತ್ರಣ, ಕಾರ್ಖಾನೆಯ ಗುರುತಿನ ಬಿಲ್ಲೆ, ಗುಂಪಿನ ಛಾಯಾಚಿತ್ರ ಇವೆಲ್ಲವೂ ಹಿರಿಯರ ಮಾತಿಗೆ ಪ್ರಮಾಣಗಳಾಗುತ್ತವೆ. ಸರ್ಕಾರದ ಕಡತಗಳೊಡನೆ ತಾಳೆನೋಡಬೇಕೆನಿಸಿದರೆ ತಾರ್ನಾಕದ ರಾಜ್ಯ ಪತ್ರಾಗಾರವಿದೆ. ಕೇಳುವವನು ಆತುರಪಡಬಾರದು, ಹೇಳುವವರ ನುಡಿಯನ್ನು ಗ್ರಾಂಥಿಕಕ್ಕೆ ತಿದ್ದಬಾರದು, ಮನೆಯ ಗಂಡಸರ ಉದ್ಯೋಗವೃತ್ತಾಂತದಷ್ಟೇ ಆದರದಿಂದ ಅಡುಗೆಮನೆಯ, ಹೆರಿಗೆಯ, ಸಾಲದ, ನೆರೆಹೊರೆಯ ವೃತ್ತಾಂತವನ್ನು ಹೆಂಗಸರಿಂದ ಕೇಳಿ ಬರೆದುಕೊಳ್ಳಬೇಕು.

1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳು ರಚಿತವಾಗಿ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದಾಗ, ನಾವು ಆಶಿಸಿದ ಏಕೀಕರಣದ ಸಂತೋಷದ ಜತೆಯಲ್ಲಿಯೇ ಅನೇಕ ಕುಟುಂಬಗಳು ಎರಡಾದುವು: ನೌಕರಿಯೊಡನೆ ಬೆಂಗಳೂರಿಗೆ ಹೋದವರು ಕೆಲವರು, ಮನೆಮಾರುಗಳೊಡನೆ ಇಲ್ಲಿಯೇ ಉಳಿದವರು ಕೆಲವರು. ಆ ವಿಂಗಡಣೆಯನ್ನು ಕಣ್ಣಾರೆ ಕಂಡವರ ಸಂಖ್ಯೆ ದಿನದಿನಕ್ಕೆ ಕ್ಷೀಣಿಸುತ್ತಿದೆ. ಆದುದರಿಂದ ಹೈದರಾಬಾದಿನ ಕನ್ನಡ ತರುಣರಲ್ಲಿಯೂ, ಆ ನಗರದೊಡನೆ ಬಂಧುತ್ವವುಳ್ಳ ಕರ್ನಾಟಕದ ವಾಚಕರಲ್ಲಿಯೂ ನಮ್ಮ ವಿಜ್ಞಾಪನೆಯಿಷ್ಟೇ: ಮನೆಯ ಹಿರಿಯರನ್ನು ಈ ವಾರವೇ ಕೇಳಿರಿ, ಕೇಳಿದ್ದನ್ನು ಹೆಸರು, ಸ್ಥಳ, ಕಾಲಗಳೊಡನೆ ಬರೆದಿಡಿರಿ, ಬರೆದುದರ ಒಂದು ಪ್ರತಿಯನ್ನು ಶಾಲೆಗೋ ಗ್ರಂಥಾಲಯಕ್ಕೋ ಒಪ್ಪಿಸಿರಿ.