ಬಡವರಿಗೆ ಮನೆ, ದನಗಳಿಗೆ ಗೋಮಾಳ: ಎರಡೂ ಉಳಿಯುವುದು ಹೇಗೆ?



ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಗ್ರಾಮಸಭೆಗಳಲ್ಲಿ ತಪ್ಪದೆ ಕೇಳಿಬರುವ ಪ್ರಶ್ನೆ, "ನಮ್ಮ ಮನೆ ಯಾವಾಗ ಬರುತ್ತದೆ?" ಎಂಬುದು. ಒಂದೆರಡು ಹಸು ಕಟ್ಟಿಕೊಂಡು ಸಂಘಕ್ಕೆ ಹಾಲು ಹಾಕುವ ನಿವೇಶನರಹಿತರೂ ಇದನ್ನು ಕೇಳುತ್ತಾರೆ. ಉತ್ತರ ಬಹುಮಟ್ಟಿಗೆ ಜಾಗದಲ್ಲಿದೆ. ಆ ಜಾಗದ ಪ್ರಶ್ನೆ ನಮ್ಮ ದನಗಳಿಗೂ ಸಂಬಂಧಿಸಿದ್ದು.

ಪಂಚಾಯಿತಿಯ ಪಾತ್ರ

ಗ್ರಾಮ ಪಂಚಾಯಿತಿ ಸ್ವತಃ ಮನೆ ಕಟ್ಟಿಸುವುದಿಲ್ಲ. ಗ್ರಾಮಸಭೆಯಲ್ಲಿ ಫಲಾನುಭವಿಗಳ ಆಯ್ಕೆಯಾಗುತ್ತದೆ. ಎಷ್ಟು ಮನೆ ಎಂಬ ಗುರಿಯನ್ನು ಸರ್ಕಾರ ನಿಗದಿ ಮಾಡುತ್ತದೆ. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವು ಹಣವನ್ನು ಫಲಾನುಭವಿಯ ಖಾತೆಗೆ ಹಾಕುತ್ತದೆ. ಮನೆ ಕಟ್ಟಿಕೊಳ್ಳುವವರು ಫಲಾನುಭವಿಗಳೇ.

ಹಣದ ತೊಡಕು

ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ 2016ರಲ್ಲಿ ಬಯಲು ಪ್ರದೇಶಕ್ಕೆ ಗೊತ್ತುಮಾಡಿದ ಸಹಾಯಧನ 1.20 ಲಕ್ಷ ರೂಪಾಯಿ. 2024ರಲ್ಲಿ ಯೋಜನೆಯನ್ನು ಮುಂದುವರಿಸಿದಾಗಲೂ ಮೊತ್ತ ಏರಲಿಲ್ಲ. ಸಿಮೆಂಟು, ಕಬ್ಬಿಣ, ಮರಳು, ಗಾರೆ ಕೂಲಿ ಏರಿದವು. ತಳಪಾಯ, ಲಿಂಟಲ್, ಛಾವಣಿ ಹೀಗೆ ಹಂತ ಮುಗಿದು ಫೋಟೋ ದಾಖಲಾದ ಮೇಲೆ ಮುಂದಿನ ಕಂತು ಬರುವುದರಿಂದ ಕೈಯಲ್ಲಿ ಹಣವಿಲ್ಲದವರ ಮನೆ ಗೋಡೆಯ ಮಟ್ಟಕ್ಕೇ ನಿಲ್ಲುತ್ತದೆ. ಈ ಯೋಜನೆಯ ಮನೆಗೆ ಕನಿಷ್ಠ ಅಳತೆ 25 ಚದರ ಮೀಟರು, ಅಂದರೆ ಸುಮಾರು 270 ಚದರ ಅಡಿ. ಕೊಟ್ಟಿಗೆಯ ಲೆಕ್ಕ ಇದರಲ್ಲಿಲ್ಲ.

ಜಾಗದ ತೊಡಕು

ನಿವೇಶನವೇ ಇಲ್ಲದವರಿಗೆ ಈ ಹಣವೂ ದಕ್ಕುವುದಿಲ್ಲ. ಸರ್ಕಾರಿ ಜಮೀನನ್ನು ಪಂಚಾಯಿತಿ ತಾನೇ ಹಂಚುವಂತಿಲ್ಲ. ತಹಶೀಲ್ದಾರರ ವರದಿ, ತರೀಕೆರೆಯ ಉಪವಿಭಾಗಾಧಿಕಾರಿಗಳ ಕಛೇರಿ, ಜಿಲ್ಲಾಧಿಕಾರಿಗಳ ಮಂಜೂರಾತಿ ಎಂದು ಕಡತ ಸಾಗಬೇಕು. ನಮ್ಮ ಸೀಮೆಯಲ್ಲಿ ಬಯಲು ಕಂಡರೂ ಅದರಲ್ಲಿ ಬಹುಪಾಲು ಅಮೃತ ಮಹಲ್ ಕಾವಲು, ಅರಣ್ಯ ಅಥವಾ ಗೋಮಾಳ. ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಿಂದ ಕೃಷ್ಣಮೃಗಗಳ ಸಂರಕ್ಷಣಾ ಮೀಸಲು. ಇಂಥ ಕಡೆ ನಿವೇಶನ ಕೇಳಿ ಫಲವಿಲ್ಲ.

ಹೀಗಾಗಿ ಎಲ್ಲರ ಕಣ್ಣು ಗೋಮಾಳದ ಮೇಲೆ ಬೀಳುತ್ತದೆ. ಕರ್ನಾಟಕ ಭೂ ಕಂದಾಯ ನಿಯಮ 1966ರ ಪ್ರಕಾರ 100 ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಕಾದಿರಿಸಬೇಕು. ಹೆಚ್ಚುವರಿ ಇದ್ದರೆ ಮಾತ್ರ ಬೇರೆ ಉದ್ದೇಶಕ್ಕೆ ಕೇಳಬಹುದು. 30×40 ಅಡಿಯ 40 ನಿವೇಶನಗಳಿಗೆ ರಸ್ತೆ, ಚರಂಡಿ ಸೇರಿ ಸುಮಾರು 2 ಎಕರೆ ಸಾಕು. ಇದು ಆರೇಳು ರಾಸುಗಳ ಗೋಮಾಳ. ನಲವತ್ತು ಸಂಸಾರಕ್ಕೆ ಇಷ್ಟು ಕೊಡುವುದು ಹೊರೆಯಲ್ಲ. ಗೋಮಾಳ ತಿನ್ನುವುದು ಹೆಚ್ಚಾಗಿ ಅಕ್ಕಪಕ್ಕದ ಒತ್ತುವರಿ. ಗ್ರಾಮದ ಸಾಮೂಹಿಕ ಜಮೀನಿನ ಅಕ್ರಮ ಒತ್ತುವರಿ ತೆರವುಗೊಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವೂ 2011ರಲ್ಲಿ ಹೇಳಿದೆ.

ಇನ್ನು ಗೊಲ್ಲರ ಹಟ್ಟಿ, ಲಂಬಾಣಿ ತಾಂಡಾಗಳಲ್ಲಿ ತಲೆಮಾರುಗಳಿಂದ ವಾಸವಿದ್ದರೂ ಹಕ್ಕುಪತ್ರವಿಲ್ಲದೆ ಮನೆ ಮಂಜೂರಾಗದವರುಂಟು. ತಾತನ ಹೆಸರಿನಲ್ಲೇ ಉಳಿದ ಖಾತೆಯಿಂದಲೂ ಇದೇ ಗತಿ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಜಾನುವಾರು ಗಣತಿಯವರು ಬಂದಾಗ ಕರು, ಎತ್ತು, ಎಮ್ಮೆ ಸೇರಿಸಿ ಇರುವಷ್ಟನ್ನೂ ಬರೆಸಿರಿ. ರಾಸು ಕಡಿಮೆ ತೋರಿಸಿದರೆ ಗೋಮಾಳ ಕಾಗದದ ಮೇಲೆ ಹೆಚ್ಚುವರಿಯಾಗಿಬಿಡುತ್ತದೆ.

2. ಗ್ರಾಮಸಭೆಯಲ್ಲಿ ಗೋಮಾಳದ ಸರ್ವೆ ಕೇಳಿರಿ. ತೆರವಾದ ಜಾಗದ ಒಂದು ಮೂಲೆ ನಿವೇಶನಕ್ಕೆ, ಉಳಿದದ್ದು ಮೇವಿಗೆ ಎಂದು ನಿರ್ಣಯ ಬರೆಸಬಹುದು. ಗೋಮಾಳ ಸಾಲದ ಊರಿನಲ್ಲಿ ಖಾಸಗಿ ಜಮೀನು ಖರೀದಿಗೆ ಒತ್ತಾಯಿಸಿರಿ.

3. ಖಾತೆ ಬದಲಾವಣೆ, ಇ-ಸ್ವತ್ತಿನ ನಮೂನೆ, ಆಧಾರ್ ಮತ್ತು ಬ್ಯಾಂಕ್ ಪುಸ್ತಕದಲ್ಲಿ ಒಂದೇ ರೀತಿಯ ಹೆಸರು – ಇವನ್ನು ಪಟ್ಟಿ ಬರುವ ಮೊದಲೇ ಸರಿಪಡಿಸಿಕೊಳ್ಳಿರಿ.

4. ಸ್ವಂತ ಮನೆಯಿರುವವರು ಪಟ್ಟಿಗೆ ಹೆಸರು ಕೊಡಬೇಡಿ. ಗುರಿ ಕಡಿಮೆಯಿರುವಾಗ ಅನರ್ಹರ ಒಂದು ಹೆಸರು ಅರ್ಹರ ಒಂದು ಮನೆಯನ್ನು ಕಸಿಯುತ್ತದೆ.

ಹಾಲಿನ ಡಿಗ್ರಿ, ಫ್ಯಾಟು ನಮ್ಮ ಕಣ್ಣೆದುರೇ ಅಳೆಯಬೇಕೆಂದು ಕೇಳುವ ನಾವು ಊರಿನ ಜಾಗದ ಅಳತೆಯನ್ನೂ ಹಾಗೆಯೇ ಕೇಳಬೇಕು. ಮುಂದಿನ ಗ್ರಾಮಸಭೆಗೆ ಮನೆಯ ಹೆಣ್ಣುಮಕ್ಕಳೊಂದಿಗೆ ತಪ್ಪದೆ ಹಾಜರಾಗಿರಿ.